ಚಿತ್ರ ನೋಡುವುದೂ ಒಂದು ಪಾಠವೇ?

ಹೈಸ್ಕೂಲಿನಲ್ಲಿ ಕಲೆಯ ಇತಿಹಾಸ ಕಲಿತರೆ ಮಕ್ಕಳಿಗೆ ಏನು ಪ್ರಯೋಜನ ಎಂದು ಪೋಷಕರು ಕೇಳುವುದು ಸಹಜ. ಬಿಎಸ್ಸಿ ಓದಿದ ನನಗೂ ಈ ಪ್ರಶ್ನೆ ಮುಖ್ಯವೆನಿಸುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಅಲ್ಲಿನ ಗೋಡೆ, ಚಾವಣಿಗಳ ಮೇಲೆ ಚಿತ್ರ ಬರೆದರು. ಹಸಿ ಗಾರೆಗೆ ಹಚ್ಚಿದ ಬಣ್ಣ ಏಕೆ ಉಳಿಯುತ್ತದೆ? ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗಿ ಬಣ್ಣವನ್ನು ಹಿಡಿದಿಡುತ್ತದೆ. ಇಷ್ಟನ್ನು ರಸಾಯನಶಾಸ್ತ್ರ ಹೇಳುತ್ತದೆ. ಆ ಗಾರೆ ಕಲಸಿದ ಕೈಗಳು ಯಾರವು? ಓದು ಬಾರದ ಭಕ್ತರು ಆ ಚಿತ್ರಗಳಲ್ಲಿ ಏನನ್ನು ಕಂಡರು? ಹೀಗೆ ಕೇಳಲು ಕಲಿಸುವುದು ಕಲೆಯ ಇತಿಹಾಸ.

ಮೊಬೈಲಿನಲ್ಲಿ ಕ್ಷಣಕ್ಕೊಂದು ಚಿತ್ರ ಸರಿಸಿ ರೂಢಿಯಾದ ನಾವು ಮನುಷ್ಯರನ್ನೂ ಹಾಗೆಯೇ ನೋಡಿ ಮುಂದೆ ಹೋಗುತ್ತೇವೆ. ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಲು ಕಲಿತ ಮಗು, ಪಕ್ಕದ ಬೆಂಚಿನಲ್ಲಿ ಸಪ್ಪಗೆ ಕೂತ ಗೆಳೆಯನ ಮುಖವನ್ನೂ ಗಮನಿಸೀತು.

ಚಿತ್ರ ನೋಡಿದವರೆಲ್ಲ ಒಳ್ಳೆಯವರಾಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ತಾಳ್ಮೆಯಿಂದ ನೋಡಲು ಕಲಿಯದವರಿಗೆ ಇನ್ನೊಬ್ಬರ ಶ್ರಮವಾಗಲಿ ನೋವಾಗಲಿ ಕಾಣುವುದು ಕಷ್ಟ. ಇದಕ್ಕಾಗಿ ವಾರಕ್ಕೊಂದು ಪೀರಿಯಡ್ ಕೊಟ್ಟರೆ ಹೆಚ್ಚಾದೀತೇ?