ರೊಟ್ಟಿಗೆ ಯಾವ ಊರು?

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿಗೆ ಹೋಗಿದ್ದೆ. ಮೊದಲ ದಿನವೇ ಆಕೆ ರೊಟ್ಟಿ ಬಡಿದಿದ್ದಳು. "ಅವ್ವಾ, ಬಿಳಿಜ್ವಾಳದ ಹಿಟ್ಟು ಸಿಗಲಿಲ್ಲ, ಗೋವಿನಜ್ವಾಳದ್ದು ಮಾಡೀನಿ" ಎಂದಳು. ಒಂದು ತುತ್ತು ತಿಂದು, "ಇದು ನಮ್ಮ ರೊಟ್ಟಿ ಅಲ್ಲ ಬಿಡವಾ" ಎಂದುಬಿಟ್ಟೆ. ಕೆಲಸದಿಂದ ದಣಿದು ಬಂದು ಬೆರಳು ಸುಟ್ಟುಕೊಂಡಿದ್ದ ಹುಡುಗಿ ಏನೂ ಅನ್ನಲಿಲ್ಲ. ತಾಟು ಎತ್ತಿಕೊಂಡು ಒಳಗೆ ಹೋದಳು.

ಆ ಊರಿನಲ್ಲಿ ಬಾಸ್ಕ್ ಜನರ ಊಟದ ಮನೆಗಳಿವೆ. ಒಂದು ದಿನ ಅಳಿಯ ಅಲ್ಲಿಗೆ ಕರೆದೊಯ್ದ. ಸ್ಪೇನ್-ಫ್ರಾನ್ಸ್ ಗಡಿಯ ಬೆಟ್ಟಗಾಡಿನ ಈ ಜನ, 1849ರ ಚಿನ್ನದ ಹುಚ್ಚಿನ ಕಾಲದಿಂದ ಇಲ್ಲಿಗೆ ವಲಸೆ ಬಂದವರು. ಅನೇಕರಿಗೆ ದಕ್ಕಿದ್ದು ಕುರಿ ಕಾಯುವ ಕೆಲಸ. ತಿಂಗಳುಗಟ್ಟಲೆ ಬೆಟ್ಟದಲ್ಲಿ ಕುರಿ, ನಾಯಿ, ತಾನು. ಅಲ್ಲಿ ಅವ್ವನೂ ಇಲ್ಲ, ಒಲೆಯೂ ಇಲ್ಲ. ಹುದುಗು ಬಂದ ಗೋಧಿಹಿಟ್ಟಿನ ಕಣಕವನ್ನು ಮುಚ್ಚಳವಿರುವ ಕಬ್ಬಿಣದ ಪಾತ್ರೆಯಲ್ಲಿಟ್ಟು, ಕುಣಿ ತೋಡಿ, ಕೆಂಡದಲ್ಲಿ ಹೂತು ಬ್ರೆಡ್ ಬೇಯಿಸುವುದನ್ನು ಆ ಗಂಡಸರೇ ಕಲಿತರು. ಕೊಯ್ಯುವ ಮುನ್ನ ಅದರ ಮೇಲೆ ಶಿಲುಬೆ ಗೀರಿ, ಮೊದಲ ತುಂಡನ್ನು ನಾಯಿಗೆ ಹಾಕುತ್ತಿದ್ದರಂತೆ. ಪರದೇಶದಲ್ಲಿ ಹುಟ್ಟಿದ ಆ ಬ್ರೆಡ್ಡೇ ಇಂದು ಅಲ್ಲಿನ ಬಾಸ್ಕರ ಹೆಮ್ಮೆ.

ಅವರ ತಾಯ್ನಾಡಿನಲ್ಲಿ 'ತಾಲೊ' ಎಂಬ ರೊಟ್ಟಿಯುಂಟು. ಗೋವಿನಜೋಳದ ಹಿಟ್ಟನ್ನು ಬಿಸಿನೀರು, ಉಪ್ಪು ಹಾಕಿ ನಾದಿ, ಕೈಯಲ್ಲೇ ತಟ್ಟಿ ಹಂಚಿನ ಮೇಲೆ ಸುಡುತ್ತಾರೆ. ಡಿಸೆಂಬರ್ 21ರ ಸಂತ ತೋಮಾಸರ ಸಂತೆಯಲ್ಲಿ ಅದು ಇರಲೇಬೇಕು. ಆ ಜೋಳವಾದರೂ ಕೊಲಂಬಸನ ನಂತರ ಅಮೆರಿಕದಿಂದ ಹೋದದ್ದು! ನಾನು ಬೇಡವೆಂದ ರೊಟ್ಟಿ ಇನ್ನೊಬ್ಬರಿಗೆ ತವರಿನ ರುಚಿ. ನಮ್ಮ ಬಿಳಿಜೋಳದ ಮೂಲವೂ ಆಫ್ರಿಕ. ಮೆಣಸಿನಕಾಯಿ ಪೋರ್ಚುಗೀಸರೊಡನೆ ಬಂದದ್ದು.

ಹಾಗೆಂದು ಹಳೆಯ ರುಚಿ ಹೋದರೆ ಹೋಗಲಿ ಎನ್ನಲಾರೆ. ನಷ್ಟ ನಷ್ಟವೇ. ಆದರೆ ಅದನ್ನು ಉಳಿಸುವ ಹೊಣೆಯನ್ನು ಯಾರ ತಲೆಗೆ ಕಟ್ಟುತ್ತೇವೆ? ಬೆಂಗಳೂರಿನಲ್ಲಿರುವ ಮಗನನ್ನು "ರೊಟ್ಟಿ ಬಡಿಯಲು ಬರುತ್ತದೇನೋ?" ಎಂದು ನಾನು ಒಮ್ಮೆಯೂ ಕೇಳಿಲ್ಲ. ಹೊರೆಯನ್ನು ಮಗಳೊಬ್ಬಳಿಗೇ ಹೊರಿಸಿದೆ. ಆಕೆ ಸಮುದ್ರದಾಚೆಗೂ ಹೊತ್ತೊಯ್ದರೆ, ತಕ್ಕಡಿ ಹಿಡಿದು ಕೂತೆ. ನಾನು ಸಂಪ್ರದಾಯವೆಂದುಕೊಂಡದ್ದರಲ್ಲಿ ಅರ್ಧ ಬರೀ ಹಮ್ಮು.

ಮರುದಿನ ನಾನೇ ಗೋವಿನಜೋಳದ ಹಿಟ್ಟು ಕಲಸಿದೆ. ಮೂವತ್ತು ವರ್ಷ ಪಳಗಿದ ಕೈ, ರೊಟ್ಟಿ ಹರಿಯಿತು. "ಇದಕ್ಕ ಬ್ಯಾರೆ ಕೈ ಬೇಕವ್ವಾ" ಎಂದು ಮಗಳು ನಕ್ಕಳು. ಬಹಳ ದಿನಗಳ ಮೇಲೆ ನಾನು ವಿದ್ಯಾರ್ಥಿನಿಯಾಗಿ ಆಕೆಯ ಪಕ್ಕದಲ್ಲಿ ನಿಂತೆ.