ಆಚಾರದ ಮೂಲವೂ ಆಚಾರದ ಬಲವೂ

ಮನುಷ್ಯನು ದಿನಬೆಳಗಾದರೆ ಮಾಡುವ ಕಾರ್ಯಗಳಲ್ಲಿ ಪ್ರಯೋಜನವನ್ನು ನೋಡಿ ಮಾಡುವುವು ಕೆಲವು, ಯಾರದೋ ಆಜ್ಞೆಗೆ ಅಂಜಿ ಮಾಡುವುವು ಕೆಲವು. ಈ ಎರಡು ವರ್ಗಕ್ಕೂ ಸೇರದೆ, 'ನಮ್ಮಲ್ಲಿ ಹೀಗೆ ಮಾಡುವುದುಂಟು' ಎಂಬ ಒಂದೇ ಮಾತಿನ ಆಧಾರದಿಂದ ನಡೆದುಕೊಂಡು ಬರುವುವು ಮತ್ತೆ ಕೆಲವು. ಈ ಮೂರನೆಯ ಬಗೆಗೆ ಆಚಾರವೆಂದು ಹೆಸರು. ಕಣ್ಣಿಗೆ ಕಾಣುವ ಪ್ರಯೋಜನವಿಲ್ಲದ, ಹೇಳಿ ಮಾಡಿಸುವ ಒಡೆಯನೂ ಇಲ್ಲದ ಕಾರ್ಯವೊಂದು ಮನುಷ್ಯನನ್ನು ಕಟ್ಟಿಹಾಕುವ ಬಲವನ್ನು ಎಲ್ಲಿಂದ ಪಡೆಯಿತೆಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಅತ್ಯಂತ ಶ್ರದ್ಧೆಯಿಂದ ವಿಚಾರಿಸಿದವರು ಮೀಮಾಂಸಕರು. ಜೈಮಿನಿಯ ಸೂತ್ರಗ್ರಂಥದ 12 ಅಧ್ಯಾಯಗಳಲ್ಲಿ ಮೊದಲನೆಯದರ ಮೂರನೆಯ ಪಾದದ ಬಹುಭಾಗ ಈ ವಿಚಾರಕ್ಕೇ ಮೀಸಲಾಗಿದೆ. ಶಬರಸ್ವಾಮಿಯ ಭಾಷ್ಯವೂ ಕುಮಾರಿಲಭಟ್ಟನ ತಂತ್ರವಾರ್ತಿಕವೂ ಅದನ್ನು ಮತ್ತಷ್ಟು ಆಳಕ್ಕೆ ಒಯ್ದಿವೆ.

ಅವರ ವಾದದ ಸಾರವಿದು. ಧರ್ಮವನ್ನು ತಿಳಿಸುವ ಸ್ವತಂತ್ರ ಪ್ರಮಾಣವೆಂದರೆ ವೇದವೊಂದೇ. ಆದರೆ ವೇದವನ್ನು ಬಲ್ಲ ಶಿಷ್ಟರು, ನಾವು ಓದುವ ವೇದಭಾಗದಲ್ಲಿ ಎಲ್ಲಿಯೂ ಕಾಣದ ಎಷ್ಟೋ ಕರ್ಮಗಳನ್ನು ಕರ್ತವ್ಯಬುದ್ಧಿಯಿಂದ ಮಾಡುತ್ತ ಬಂದಿದ್ದಾರೆ. ಅಷ್ಟು ಮಂದಿ ವಿವೇಕಿಗಳು ತಲೆತಲಾಂತರವಾಗಿ ಒಂದೇ ಭ್ರಾಂತಿಗೆ ಒಳಗಾದರೆನ್ನುವುದು ಯುಕ್ತವಲ್ಲವಾದ ಕಾರಣ, ಆ ಕರ್ಮಕ್ಕೆ ಮೂಲವಾದ ಶ್ರುತಿವಾಕ್ಯವೊಂದು ಇದ್ದಿರಲೇಬೇಕು. ಅದು ಈಗ ನಮಗೆ ದೊರೆಯುತ್ತಿಲ್ಲ, ಅಷ್ಟೆ. ಕಾಣದ ಮೂಲವನ್ನು ಕಾಣುವ ಆಚಾರದಿಂದ ಊಹಿಸಿಕೊಳ್ಳತಕ್ಕದ್ದು.

ಹಾಗೆಂದು ಹಳೆಯದೆಲ್ಲವನ್ನೂ ಅವರು ಕಣ್ಣುಮುಚ್ಚಿ ಒಪ್ಪಿದರೆಂದು ತಿಳಿಯಬಾರದು. ಸೋಮಯಾಗದಲ್ಲಿ ಅತ್ತಿಮರದ ಕಂಬವೊಂದನ್ನು ನೆಡುವುದುಂಟು. ಅದಕ್ಕೆ ಔದುಂಬರಿಯೆಂದು ಹೆಸರು. ಉದ್ಗಾತೃವು ಅದನ್ನು ಮುಟ್ಟಿ ಸಾಮವನ್ನು ಹಾಡಬೇಕೆಂದು ಶ್ರುತಿ. ಕಂಬಕ್ಕೆ ಅಡಿಯಿಂದ ಮುಡಿಯವರೆಗೂ ಬಟ್ಟೆ ಸುತ್ತಬೇಕೆಂದು ಸ್ಮೃತಿ. ಪೂರ್ತಿ ಸುತ್ತಿದ ಕಂಬವನ್ನು ಮುಟ್ಟುವುದೆಂತು? ಇಲ್ಲಿ ಶಬರಸ್ವಾಮಿಯು ಸ್ವಲ್ಪವೂ ಸಂಕೋಚಪಡದೆ, ಆ ಬಟ್ಟೆಯ ಮೇಲೆ ಆಸೆಯಿದ್ದ ಯಾರೋ ಕಂಬವನ್ನೆಲ್ಲ ಸುತ್ತಿಸಿದರು, ಆ ಸ್ಮೃತಿಯ ಬೀಜ ಲೋಭವೇ ಎಂದು ಹೇಳಿಬಿಡುತ್ತಾನೆ. ಹುಟ್ಟಿಗೆ ಲೌಕಿಕವಾದ ಕಾರಣವೊಂದು ಕಂಡಿತೆಂದರೆ, ಶ್ರುತಿಮೂಲವನ್ನು ಊಹಿಸುವ ಅಗತ್ಯವೂ ಅಲ್ಲಿಗೆ ತೀರಿತು. ಕುಮಾರಿಲನು ಈ ನಿದರ್ಶನವನ್ನು ಶಬರನಂತೆಯೇ ಒಪ್ಪಲಿಲ್ಲ. ಆದರೆ ಅವನೂ ಬೇರೊಂದು ಎಲ್ಲೆಯನ್ನು ಹಾಕಿದನು. ಶರೀರಪೋಷಣೆಗಾಗಿ, ಸುಖಕ್ಕಾಗಿ, ಧನಕ್ಕಾಗಿ ಶಿಷ್ಟರು ಮಾಡುವ ಕೆಲಸಗಳಲ್ಲಿ ಅವರಿಗೇ ಧರ್ಮಬುದ್ಧಿಯಿರುವುದಿಲ್ಲವಾದ್ದರಿಂದ, ಅವು ಶಿಷ್ಟಾಚಾರವೆಂಬ ಪ್ರಮಾಣದಲ್ಲಿ ಸೇರವು.

ಈ ವಿಚಾರಸರಣಿಯನ್ನು ನಾನು ನಮ್ಮ ಮನೆಯ ಒಂದು ವಾಡಿಕೆಯ ಮೇಲೆ ಬಹುಕಾಲದಿಂದ ಒರೆಹಚ್ಚಿ ನೋಡುತ್ತ ಬಂದಿದ್ದೇನೆ. ಪ್ರಯಾಣ ಹೊರಡುವವರು ಮನೆಯಲ್ಲಿ ತಮಗಿಂತ ಹಿರಿಯರಾದವರೆಲ್ಲರಿಗೂ ನಮಸ್ಕಾರ ಮಾಡಿ ಹೊರಡಬೇಕೆಂಬುದು ಎಲ್ಲರ ಮನೆಯಲ್ಲಿಯೂ ಇರುವ ಪದ್ಧತಿ. ನಮ್ಮ ಚಿಕ್ಕಪ್ಪ ನಾಲ್ಕೈದು ವರ್ಷದ ಹುಡುಗನಾಗಿದ್ದಾಗ, ಹೀಗೆ ಒಬ್ಬೊಬ್ಬರ ಕಾಲಿಗೂ ಎರಗಿ ಬೇಸತ್ತು, "ತಾತ, ಈ ಮನೇಲಿ ಎಲ್ಲರಿಗಿಂತ ದೊಡ್ಡೋರು ಯಾರು? ಅವರೊಬ್ಬರಿಗೇ ಮಾಡಿಬಿಡ್ತೀನಿ" ಎಂದು ಕೇಳಿದನಂತೆ. ಮುತ್ತಜ್ಜನು ನಗುತ್ತ ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ತೋರಿಸಿ, "ನಾನು ಹುಟ್ಟೋಕೆ ಮುಂಚಿನಿಂದ ಇಲ್ಲಿರೋಳು ಆ ಒರಳಜ್ಜಿ ಕಣಪ್ಪ" ಎಂದನು. ಹುಡುಗನು ತಡಮಾಡದೆ ಒರಳಿಗೆ ಅಡ್ಡಬಿದ್ದು, "ಒರಳಜ್ಜಿ, ಹೋಗಿ ಬರ್ತೀನಿ" ಎಂದು ಹೇಳಿ ಗಾಡಿ ಹತ್ತಿದನು. ಮುಂದಿನ ಸಲ ಹೊರಟವರು ಅವನನ್ನು ನಗಿಸಲೆಂದು ಹಾಗೆಯೇ ಮಾಡಿದರು. ಅದರ ಮುಂದಿನ ಸಲ ಯಾರೋ ಮರೆತಾಗ ಅವನೇ ನೆನಪು ಮಾಡಿದನು. ಇಂದು, ಆ ಮುತ್ತಜ್ಜನನ್ನು ನೋಡಿಯೇ ಇಲ್ಲದ ಹೆಣ್ಣುಮಕ್ಕಳೂ ಅಳಿಯಂದಿರೂ ಊರಿಗೆ ಹೊರಡುವಾಗ ಒರಳಜ್ಜಿಯ ಅಪ್ಪಣೆ ಪಡೆಯದೆ ಹೊಸಿಲು ದಾಟುವುದಿಲ್ಲ.

ಮೀಮಾಂಸಕರ ನ್ಯಾಯಸ್ಥಾನದಲ್ಲಿ ಈ ವಾಡಿಕೆ ನಿಲ್ಲಲಾರದು. ಅದರ ಮೂಲ ಕಾಣುತ್ತಿದೆ. ಆ ಮೂಲ ಲೋಭವಲ್ಲದಿದ್ದರೂ ಪರಿಹಾಸ. ಮಾಡಿದವರ ಬುದ್ಧಿಯಲ್ಲಿದ್ದದ್ದು ಮಗುವಿನ ಸಂತೋಷವೇ ಹೊರತು ಧರ್ಮವಲ್ಲ. ಇದನ್ನು ಧರ್ಮವೆಂದು ಸಾಧಿಸುವ ಅಪೇಕ್ಷೆ ನನಗೂ ಇಲ್ಲ. ಆದರೂ ಅದು ಕಟ್ಟುತ್ತದೆ. ಅವಸರದಲ್ಲಿ ಮರೆತು ಬಸ್ ನಿಲ್ದಾಣದವರೆಗೆ ಹೋದವರಿಗೆ ಏನೋ ಒಂದು ಉಳಿದುಹೋಯಿತೆಂಬ ಕಸಿವಿಸಿ ನಿಜವಾಗಿಯೂ ಆಗುತ್ತದೆ. ಶ್ರುತಿಯ ವಿಧಿಯೂ ಅಲ್ಲದ, ರಾಜನ ಶಾಸನವೂ ಅಲ್ಲದ ಈ ಕಟ್ಟು ಯಾವ ಜಾತಿಯದು?

ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮನು 1740ರಲ್ಲಿ ಹೊರಬಂದ ತನ್ನ ಮಹಾಗ್ರಂಥದ ಕೊನೆಯ ಭಾಗದಲ್ಲಿ ಇಂತಹ ಕಟ್ಟಿಗೆ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಇಬ್ಬರು ಒಂದು ದೋಣಿಯಲ್ಲಿ ಕುಳಿತು ಹುಟ್ಟುಹಾಕುತ್ತಿದ್ದಾರೆ. ಒಬ್ಬರಿಗೊಬ್ಬರು ಯಾವ ವಾಗ್ದಾನವನ್ನೂ ಕೊಟ್ಟಿಲ್ಲ. ಆದರೂ ಒಬ್ಬನ ಎಳೆತಕ್ಕೆ ಇನ್ನೊಬ್ಬನ ಎಳೆತ ಹೊಂದಿಕೊಂಡು ಹೋಗುತ್ತದೆ. ಸಮಾಜದ ಕಟ್ಟಳೆಗಳು ಹೀಗೆ ಮಾತಿಲ್ಲದ ಒಡಂಬಡಿಕೆಯಿಂದ ಮೆಲ್ಲಮೆಲ್ಲನೆ ಬೆಳೆದುವೆಂದು ಅವನ ಮತ. ಆಚಾರಕ್ಕೆ ಆದೇಶಕರ್ತನೊಬ್ಬನು ಬೇಕಾಗಿಲ್ಲವೆಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಆದರೆ ಹ್ಯೂಮನ ದೋಣಿಯವರಿಗೆ ದಡ ಸೇರುವ ಪ್ರಯೋಜನವುಂಟು. ಒರಳಿಗೆ ನಮಸ್ಕರಿಸುವುದರಿಂದ ಯಾರೂ ಯಾವ ದಡವನ್ನೂ ಸೇರುವುದಿಲ್ಲ. ಆದ್ದರಿಂದ ಒಡಂಬಡಿಕೆಯೆಂಬ ವಿವರಣೆಯೊಂದೇ ಇಲ್ಲಿ ಸಾಲದು. ಈ ಬಗೆಯ ಆಚಾರಕ್ಕೆ ಫಲವೊಂದಿದ್ದರೆ ಅದನ್ನು ಬೇರೆಡೆಯಲ್ಲಿಯೇ ಹುಡುಕಬೇಕು.

ನನಗೆ ತೋರುವಂತೆ ಆ ಫಲಕ್ಕೆ ನಮ್ಮ ದರ್ಶನಗಳ ಪರಿಭಾಷೆಯಲ್ಲಿಯೇ ಪ್ರತ್ಯಭಿಜ್ಞೆಯೆಂಬ ಹೆಸರು ಸಿದ್ಧವಾಗಿದೆ. ಹಿಂದೆ ಎಲ್ಲಿಯೋ ಕಂಡ ದೇವದತ್ತನನ್ನು ಈಗ ಇಲ್ಲಿ ಕಂಡು 'ಅವನೇ ಇವನು' ಎಂದು ಅರಿಯುವ, ಸ್ಮೃತಿಯೂ ಪ್ರತ್ಯಕ್ಷವೂ ಒಂದಾಗಿ ಬೆಸೆದ ಜ್ಞಾನವದು. ಮನೆತನವೆಂಬುದು ಕಾಲದಲ್ಲಿ ಹರಡಿಕೊಂಡಿರುವ ವಸ್ತು. ಅದರ ಜನರು ಹುಟ್ಟುತ್ತಾರೆ, ಸಾಯುತ್ತಾರೆ, ದೂರದ ಊರುಗಳಿಗೆ ಚೆದರಿಹೋಗುತ್ತಾರೆ. 'ಆ ಮನೆಯವರೇ ಇವರು' ಎಂಬ ಅರಿವು ತಮ್ಮೊಳಗೇ ಮತ್ತೆ ಮತ್ತೆ ಹುಟ್ಟುವುದಕ್ಕೆ ಅವರಿಗೆ ಗುರುತೊಂದು ಬೇಕು; ಆ ಗುರುತು ಪರರಿಗೆ ಅರ್ಥವಿಲ್ಲದ್ದಾಗಿದ್ದಷ್ಟೂ ಒಳಿತು, ಏಕೆಂದರೆ ಎಲ್ಲರಿಗೂ ಅರ್ಥವಾಗುವ ಗುರುತು ಎಲ್ಲರದೂ ಆಗಿಬಿಡುತ್ತದೆ. ಇಟಲಿಯ ಲೇಖಕಿ ನತಾಲಿಯಾ ಗಿಂಜ್‌ಬುರ್ಗ್ ತನ್ನ ಮನೆಮಂದಿಯ ನುಡಿಕಟ್ಟುಗಳನ್ನೇ ಎಳೆಯಾಗಿ ಹಿಡಿದು ಬರೆದು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಹೃದಯಂಗಮವಾಗಿ ಹೇಳಿದ್ದಾಳೆ: ದೇಶದೇಶಗಳಿಗೆ ಚೆದರಿದ ಒಡಹುಟ್ಟಿದವರು ಕತ್ತಲೆಯ ಗುಹೆಯೊಂದರಲ್ಲಿ ಅಸಂಖ್ಯ ಜನರ ನಡುವೆ ಸೇರಿಹೋಗಿದ್ದರೂ, ಬಾಲ್ಯದ ಅಂತಹ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಒಬ್ಬರನ್ನೊಬ್ಬರು ಗುರುತಿಸಿಕೊಂಡಾರು ಎಂಬ ಅಭಿಪ್ರಾಯ ಅವಳದು. ಫ್ಯಾಸಿಸ್ಟರ ಆಳ್ವಿಕೆಯಲ್ಲಿ ಸೆರೆಮನೆಯನ್ನೂ ಗಡೀಪಾರನ್ನೂ ಕಂಡ ಕುಟುಂಬದವಳು ಆಡಿದ ಮಾತೆಂಬುದನ್ನು ನೆನೆದಾಗ ಅದರ ತೂಕ ಹೆಚ್ಚುತ್ತದೆ.

ಇಂತಹ ವಾಡಿಕೆಗಳು ಬದಲಾಗುವ ರೀತಿಯೂ ವಿಚಾರಾರ್ಹವಾದದ್ದು. ನಮ್ಮ ಬಳಗದ ಒಂದು ಸಂಸಾರ ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಗೆ ಹೋದಾಗ ಒರಳುಕಲ್ಲು ಅವರ ಸಂಗಡ ಹೋಗಲಿಲ್ಲ. ಅವರು ರುಬ್ಬುವ ಗ್ರೈಂಡರಿಗೆ ಕೈಮುಗಿದು ಹೊರಡತೊಡಗಿದರು. ಇದು ಸಲ್ಲುವುದೋ ಸಲ್ಲದೋ ಎಂದು ಹಿರಿಯರಲ್ಲಿ ವಾದ ನಡೆಯಿತು. ಮೀಮಾಂಸೆಯಲ್ಲಿ ಇದಕ್ಕೆ ಪ್ರತಿನಿಧಿನ್ಯಾಯವಿದೆ. ಸೋಮಲತೆ ದೊರೆಯದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಹಿಂಡಬಹುದು. ಯಾಗವು ಅದರಿಂದ ಕೆಡುವುದಿಲ್ಲ, ಹೆಸರೂ ಸೋಮಯಾಗವೆಂದೇ ಉಳಿಯುತ್ತದೆ. ಹಾಗೆಯೇ ಆ ಮನೆಯ ಮಕ್ಕಳು ಕೊಂಡು ಎರಡು ವರ್ಷವೂ ಆಗದ ಯಂತ್ರವನ್ನು ಒರಳಜ್ಜಿಯೆಂದೇ ಕರೆಯುತ್ತಾರೆ. ದ್ರವ್ಯ ಬದಲಾಯಿತು, ಸಂಬೋಧನೆ ನಿಂತಿತು. ನನ್ನ ಮನಸ್ಸು ಇದನ್ನು ಪೂರ್ಣವಾಗಿ ಒಪ್ಪುತ್ತದೆ.

ಒಪ್ಪದಿರುವುದು ಇನ್ನೊಂದನ್ನು. ಒಮ್ಮೆ ನಮ್ಮ ಬಂಧುಗಳಲ್ಲಿ ಒಬ್ಬರು ದಾರಿಯಲ್ಲಿ ಬಿದ್ದು ಕಾಲು ಮುರಿದುಕೊಂಡರು. ಹಿರಿಯ ಸೋದರತ್ತೆಯೊಬ್ಬರು, "ಒರಳಜ್ಜಿಗೆ ಹೇಳದೆ ಹೋದದ್ದಕ್ಕೇ ಹೀಗಾಯ್ತು ನೋಡು" ಎಂದರು. ಅಂದು ಮನೆಯಲ್ಲಿ ಚಿಕ್ಕ ಮಕ್ಕಳ ಮುಖದಲ್ಲಿ ಭಯ ಕಂಡಿತು. ಶಾಸ್ತ್ರದಲ್ಲಿ ಆಚಾರದ ಮೂಲ ಕಾಣದಿರುವುದೇ ಅದಕ್ಕೆ ಬಲ. ಕಂಡೊಡನೆ, ಶಬರಸ್ವಾಮಿ ತೋರಿದಂತೆ, ಪ್ರಾಮಾಣ್ಯ ಕುಸಿಯುತ್ತದೆ. ನಗೆಯಿಂದ ಹುಟ್ಟಿದ ಗೃಹಾಚಾರದ ವಿಷಯದಲ್ಲಿ ನ್ಯಾಯ ಇದಕ್ಕೆ ತಲೆಕೆಳಗಾದದ್ದೆಂಬುದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಇಲ್ಲಿ ಮೂಲವನ್ನು ಬಲ್ಲವನೇ ಆಚಾರವನ್ನು ಸರಿಯಾಗಿ ಆಚರಿಸಬಲ್ಲನು. ಮುತ್ತಜ್ಜನ ಪರಿಹಾಸವನ್ನು ಅರಿತು ಒರಳಿಗೆ ಕೈಮುಗಿಯುವವನು ಆ ಮುತ್ತಜ್ಜನನ್ನೂ ಆ ಹುಡುಗನನ್ನೂ ಒಟ್ಟಿಗೆ ಕಾಣುತ್ತಾನೆ. ಅರಿಯದೆ ಮುಗಿಯುವವನಿಗೆ ಕಲ್ಲೊಂದು ಕಾಣುತ್ತದೆ, ಅದರ ಹಿಂದೆ ಶಿಕ್ಷೆಯೊಂದು ಕಾಣುತ್ತದೆ. ಪ್ರತ್ಯಭಿಜ್ಞೆ ಹೋಗಿ ಅಂಜಿಕೆ ಬಂದು ಕೂಡುವುದು ಹೀಗೆ. ಆದುದರಿಂದ ವಾಡಿಕೆಯನ್ನು ಮಕ್ಕಳಿಗೆ ಕಲಿಸುವಾಗ ಕಥೆಯನ್ನೂ ಜೊತೆಯಲ್ಲಿಯೇ ಕಲಿಸಬೇಕು. ಹೊಸದಾಗಿ ಮನೆಗೆ ಬಂದ ಸೊಸೆಗೆ 'ಹೀಗೆ ಮಾಡು' ಎಂದು ವಿಧಿಸುವುದಕ್ಕೆ ಮುಂಚೆ ಅವಳನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿ ನಗಿಸಬೇಕು. ನಗದವಳಿಗೆ ಆ ನಮಸ್ಕಾರದ ಹೊಣೆಯನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ.

ಒಂದು ಶಂಕೆ ಉಳಿಯುತ್ತದೆ. ಹೋಲಾಕೆಯೆಂಬ ಉತ್ಸವ ಪೂರ್ವದೇಶದವರಲ್ಲಿ ಮಾತ್ರ ಕಾಣುತ್ತದಲ್ಲ, ಅದು ಅವರಿಗೆ ಮಾತ್ರ ವಿಹಿತವೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಧರ್ಮವಾದರೆ ಅದು ಸಕಲರಿಗೂ ಧರ್ಮ, ದಿಕ್ಕಿನ ಹಂಗು ಅದಕ್ಕಿಲ್ಲ ಎಂದು ಮೀಮಾಂಸಕರು ನಿರ್ಣಯಿಸಿದರು. ಮನೆಯ ವಾಡಿಕೆ ಈ ಸಾರ್ವತ್ರಿಕತೆಯನ್ನು ಬೇಡುವುದಿಲ್ಲ; ನೆರೆಮನೆಯವರು ನಮ್ಮ ಒರಳಿಗೆ ಕೈಮುಗಿಯಲೆಂದು ನಾವು ಬಯಸಿದರೆ ಅದು ನಮ್ಮದಾಗಿ ಉಳಿಯದು. ಹೀಗೆ ಸೀಮಿತವಾದದ್ದಕ್ಕೆ ಶಾಸ್ತ್ರಕಾರರಲ್ಲಿ ಎಡೆಯೇ ಇಲ್ಲವೆ? ಉಂಟು. ವಿವಾಹದಲ್ಲಿ ಊರೂರಿನ, ನಾಡುನಾಡಿನ ಬಗೆಬಗೆಯ ರೂಢಿಗಳನ್ನು ಅನುಸರಿಸಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ಗ್ರಂಥದಲ್ಲಿ ಹೇಳದೆ ಬಿಟ್ಟ ಧರ್ಮಗಳನ್ನು ಸ್ತ್ರೀಯರಿಂದ ತಿಳಿಯಬೇಕೆಂಬ ಮತವನ್ನು ಆಪಸ್ತಂಬ ಧರ್ಮಸೂತ್ರ ತನ್ನ ಕೊನೆಯಲ್ಲಿ ದಾಖಲಿಸುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಉರುಟಣೆಗೆ ಕುಳಿತ ವಧುವರರು ಒಡಪು ಕಟ್ಟಿ ಒಬ್ಬರ ಹೆಸರನ್ನೊಬ್ಬರು ಹೇಳುವುದು, ಬಣ್ಣದ ನೀರಿನ ಪಾತ್ರೆಯಲ್ಲಿ ಉಂಗುರ ಹುಡುಕುವುದು, ಬೀಗರನ್ನು ಹಾಡಿನಲ್ಲಿ ಹಾಸ್ಯಮಾಡುವುದು, ಇವೆಲ್ಲ ಆ ಎಡೆಯಲ್ಲಿ ಬೆಳೆದುವು. ಇವುಗಳಲ್ಲಿ ಪುರೋಹಿತರ ಅಧಿಕಾರ ನಡೆಯುವುದಿಲ್ಲ. ಹಿರಿಯ ಹೆಂಗಸರು ಹೇಳಿದ್ದೇ ಪ್ರಮಾಣ, ಮತ್ತು ಅವರಲ್ಲಿಯೇ ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳುವುದಿಲ್ಲ. ಒರಳಜ್ಜಿಯ ಕಥೆಯಲ್ಲಿಯೂ ಹಾಗೆಯೇ: ಹುಡುಗ ಅಂದು ಅಜ್ಜಿಯ ಊರಿಗೆ ಹೊರಟಿದ್ದನೆಂದು ಒಬ್ಬರು, ಜಾತ್ರೆಗೆ ಹೊರಟಿದ್ದನೆಂದು ಮತ್ತೊಬ್ಬರು. ಎರಡು ಪಾಠಗಳೂ ನಮ್ಮಲ್ಲಿ ಸಲ್ಲುತ್ತವೆ.