ಎಲ್ಲವನ್ನೂ ಉಳಿಸಬೇಕೆ?

ಒಬ್ಬ ಸಂಗೀತಗಾರ ತನ್ನ ಆಯುಷ್ಯದಲ್ಲಿ ನೂರು ಕೃತಿಗಳನ್ನು ರಚಿಸಿದನೆಂದು ಇಟ್ಟುಕೊಳ್ಳೋಣ. ಅವುಗಳಲ್ಲಿ ಹತ್ತು ಅಪ್ಪಟ ಚಿನ್ನ, ನಲವತ್ತು ಒಳ್ಳೆಯವು, ಉಳಿದವು ಸಾಧಾರಣ. ಮುಂದಿನವರಿಗಾಗಿ ಧ್ವನಿಮುದ್ರಿಸಿ ಇಡುವಾಗ ಹತ್ತನ್ನು ಆರಿಸಿದರೆ ಸಾಕೇ, ನೂರನ್ನೂ ಇಡಬೇಕೇ? ಇದು ಗ್ರಾಮಫೋನ್ ಕಂಪನಿಯವರ ಲೆಕ್ಕಾಚಾರವೆಂದು ತೋರಬಹುದು. ನಾಗಪುರದಲ್ಲಿ ನೆಲೆ ನಿಂತ ನಮ್ಮಂಥ ಮನೆಗಳಿಗೂ ಅದು ಹೇಗೆ ಅಂಟಿಕೊಂಡಿದೆಯೆಂಬುದನ್ನು ಮುಂದೆ ನೋಡೋಣ.

ಅಮೆರಿಕದ ಜೆಲ್ಲಿ ರೋಲ್ ಮಾರ್ಟನ್ ಜಾಸ್ ಸಂಗೀತದ ಮೊದಲ ತಲೆಮಾರಿನ ರಚನಕಾರ. ಜಾಸನ್ನು ಹುಟ್ಟಿಸಿದವನೇ ತಾನೆಂದು ಹೇಳಿಕೊಳ್ಳುತ್ತಿದ್ದ ಆಸಾಮಿ. ವಿನಯಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. 1924ರಲ್ಲಿ ಅವನು ಕಿಂಗ್ ಆಲಿವರನ ಕಾರ್ನೆಟ್‌ಗೆ ಜೊತೆಯಾಗಿ ಪಿಯಾನೋ ನುಡಿಸಿ ಇಬ್ಬರೇ ಒಂದು ತಟ್ಟೆ ಮುದ್ರಿಸಿದ್ದುಂಟು. 1941ರಲ್ಲಿ ತೀರಿಕೊಂಡ. 2018ರಲ್ಲಿ ಲಂಡನ್ನಿನ ಇಬ್ಬರು ವಾದಕರು, ಪಿಯಾನೋದ ಆಂಡ್ರ್ಯೂ ಆಲಿವರ್ ಮತ್ತು ಕ್ಲಾರಿನೆಟ್ಟಿನ ಡೇವಿಡ್ ಹಾರ್ನಿಬ್ಲೋ, ಅವನ ಸಮಗ್ರ ರಚನೆಗಳನ್ನು ಜೋಡಿವಾದನದಲ್ಲಿ ಮುದ್ರಿಸಲು ಹೊರಟರು. ಏಳೆಂಟು ಮಂದಿಯ ಮೇಳಕ್ಕೆಂದು ಬರೆದದ್ದನ್ನು ಇಬ್ಬರೇ ನುಡಿಸಿದರೆ ಅಬ್ಬರ ಹೋಗುತ್ತದೆ, ಎಲುಬಿನ ಗೂಡು ಕಾಣುತ್ತದೆ. ಗಟ್ಟಿ ರಚನೆಯಾವುದು, ಮೇಳದ ಸದ್ದಿನಲ್ಲಿ ತಲೆಮರೆಸಿಕೊಂಡಿದ್ದು ಯಾವುದು ಎಂಬುದು ಆಗ ಬಯಲಿಗೆ ಬರುತ್ತದೆ. ಸತ್ತವನನ್ನು ಹೀಗೆ ಬಯಲಿಗೆ ತರಬಹುದೇ ಎಂದರೆ, ತಾನೇ ಪ್ರಕಟಿಸಿ ಮಾರಿದ್ದನ್ನು ಜನ ಕೇಳಿದರೆ ಅವನಾದರೂ ಹೇಗೆ ತಕರಾರು ಮಾಡಿಯಾನು?

ಇಂಥ ಸಮಗ್ರತೆಯ ಹಂಬಲ ನಮ್ಮ ಮೈಸೂರಿಗೂ ಹೊಸತಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ತಾಯ್ನಾಡು ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ಪಿಯಾನೋ ವಾದಕ, ರಚನಕಾರ. ಎರಡನೆಯ ಮಹಾಯುದ್ಧ ಬಂದು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಹೃದಯವೂ ಕೈಕೊಟ್ಟಿತು. ಆಗ ನೆರವಿಗೆ ಬಂದವರು ಜಯಚಾಮರಾಜ ಒಡೆಯರು. ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಮೆಟ್ನರನ ಕೃತಿಗಳನ್ನೆಲ್ಲ ಅವನ ಕೈಯಿಂದಲೇ ನುಡಿಸಿ ಎಚ್.ಎಂ.ವಿ. ತಟ್ಟೆಗಳಲ್ಲಿ ಹಿಡಿದಿಡುವುದು ಅದರ ಉದ್ದೇಶ. ಮೂರು ಕನ್ಚರ್ಟೋಗಳು ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣವಾದವು. ಎರಡು ಪಿಯಾನೋಗಳಿಗೆಂದು ಬರೆದ ರಷ್ಯನ್ ನೃತ್ಯವೊಂದನ್ನು ಬೆನ್ನೊ ಮೊಯ್ಸೆಯಿವಿಚ್ ಜೊತೆಗೂಡಿ ಅವನು ನುಡಿಸಿದ. ಆ ಕಾಲದ 78ರ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷವಷ್ಟೇ ಎಂಬುದನ್ನು ನೆನೆದರೆ ಆ ಮುದುಕನ ಶ್ರಮ ಎಂಥದೆಂದು ತಿಳಿದೀತು. ತನ್ನ ಮೂರನೆಯ ಕನ್ಚರ್ಟೋವನ್ನು ಅವನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಹದಿನಾಲ್ಕು ಸೊನಾಟಾಗಳು, ನೂರಕ್ಕೂ ಹೆಚ್ಚು ಹಾಡುಗಳು. ಎಲ್ಲವೂ ಅವನ ಕೈಯಲ್ಲಿ ಮುಗಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಮೈಸೂರು ಆಸ್ಥಾನದ ವೀಣೆ ಶೇಷಣ್ಣನವರು 1926ರಲ್ಲಿ ಹೋದರು. ಅವರ ವೀಣೆಯನ್ನು ಕೇಳಬಯಸುವವನಿಗೆ ಇಂದು ಸಿಗುವುದು ಅತ್ಯಲ್ಪ. ಮೈಸೂರು ವಾಸುದೇವಾಚಾರ್ಯರು 1961ರವರೆಗೆ ನಮ್ಮೊಡನಿದ್ದರು. ಅವರಿಗೊಂದು ಸೊಸೈಟಿ ಏಕಿಲ್ಲ? ಹಿತ್ತಲ ಗಿಡ ಮದ್ದಲ್ಲವೇ? ಆಕ್ಷೇಪಣೆ ಸುಳ್ಳಲ್ಲ. ಆದರೆ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮಾಡದೆ ಬಿಟ್ಟ ಇನ್ನೊಂದರಿಂದ ಹಳಿಯುವುದು ನಮಗೆ ಸರಿಕಾಣದು. ತಾವೂ 94 ಕೃತಿಗಳನ್ನು ರಚಿಸಿದ ಆ ರಾಜರಿಗೆ ಸಂಗೀತದಲ್ಲಿ ತಮ್ಮದು, ಪರರದು ಎಂಬ ಬೇಲಿ ಇರಲಿಲ್ಲ. ಹಿತ್ತಲ ಗಿಡಕ್ಕೆ ನೀರೆರೆಯಲು ಅರಸರೇ ಬರಬೇಕೆಂದು ಕಾದವರು ನಾವು.

ಹಿತ್ತಲ ಗಿಡವೆಂದರೆ ಬರೀ ಆಸ್ಥಾನ ವಿದ್ವಾಂಸರೂ ಅಲ್ಲ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯಿಂದ ಬಂದ ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಹಾಡಿದ್ದೂ ಜೋಡಿಹಾಡೇ. ಎದುರುಬದುರು ಕುಳಿತು ಒಂದೇ ಗೂಟ ಹಿಡಿದ ಇಬ್ಬರು; ಒಬ್ಬಳು ಎತ್ತಿಕೊಟ್ಟದ್ದನ್ನು ಇನ್ನೊಬ್ಬಳು ಹಿಡಿದು ಮುಂದಕ್ಕೆ ಒಯ್ಯಬೇಕು. ಮಗಳೊಡನೆ ನಾಗಪುರಕ್ಕೆ ಬಂದ ಅಜ್ಜಿಗೆ ಇಲ್ಲಿ ಕಲ್ಲೂ ಇಲ್ಲ, ಎದುರಿಗೆ ಕೂರುವ ನೆಗೆಣ್ಣಿಯೂ ಇಲ್ಲ. ಹಾಡೆಂದರೆ ಅರ್ಧಕ್ಕೆ ನಿಲ್ಲುತ್ತಾಳೆ. ಮರೆತಳೆಂದು ನಾವು ತಿಳಿಯುತ್ತೇವೆ. ಮುಂದಿನ ಸಾಲು ಯಾವಾಗಲೂ ಇನ್ನೊಬ್ಬಳದಾಗಿತ್ತೆಂಬುದು ನಮಗೆ ಹೊಳೆಯುವುದಿಲ್ಲ. ಆದ್ದರಿಂದ ಮುದ್ರಿಸಿಕೊಳ್ಳುವವನು ಯಂತ್ರ ಹಿಡಿದು ಸುಮ್ಮನೆ ಕೂತರೆ ಸಾಲದು, ಎದುರಿಗೆ ಕೂತು ಜೋಡಿಯಾಗಬೇಕು. ತಪ್ಪಾದರೂ ಚಿಂತೆಯಿಲ್ಲ, ತಪ್ಪಿದ ಕೂಡಲೇ ಅಜ್ಜಿ ಗದರಿ ಸರಿಯಾದದ್ದನ್ನು ಹೇಳುತ್ತಾಳೆ.

ಹಾಗಾದರೆ ಎಲ್ಲವನ್ನೂ ಮುದ್ರಿಸಬೇಕೇ? ಬೇಕೆಂದೇ ನಾವು ಹೇಳುತ್ತೇವೆ. ಇಂಪಾದ ಹತ್ತನ್ನು ಆರಿಸುವಾಗ ನಾವು ಆರಿಸುವುದು ನಮ್ಮ ಕಿವಿಗೆ ಒಗ್ಗಿದ್ದನ್ನು. ಮೊಮ್ಮಗಳ ಕಿವಿ ಏನು ಕೇಳೀತೆಂದು ನಾವು ಬಲ್ಲೆವೇ? ಪುರಂದರದಾಸರು 4,75,000 ಕೀರ್ತನೆ ರಚಿಸಿದರೆಂದು ಪ್ರತೀತಿ. ಆ ಲೆಕ್ಕ ಹೇಗಾದರೂ ಇರಲಿ, ಕೈಗೆ ಸಿಕ್ಕಿರುವುದು ಸಾವಿರದ ಆಸುಪಾಸು. ಉಳಿದವುಗಳನ್ನು ಬೇಡವೆಂದು ಯಾರೂ ನಿರ್ಧರಿಸಿದ್ದಲ್ಲ. ಇವತ್ತು ಬೇಡ, ನಾಳೆ ಬರೆದುಕೊಂಡರಾಯಿತು ಎಂದವರ ಕೈಯಲ್ಲೇ ಹೆಚ್ಚಿನವು ಹೋಗಿರಬೇಕು.

ಆದರೆ ಒಂದು ಕಡೆ ನಮ್ಮ ಪೂರ್ಣತೆಯ ಹಟ ತಲೆಬಾಗಲೇಬೇಕು. ಮೆಟ್ನರ್ ಒಪ್ಪಿ ನುಡಿಸಿದ, ಮಾರ್ಟನ್ ಪ್ರಕಟಿಸಿದ್ದ. ಬೀಸುವ ಕಲ್ಲಿನ ಹಾಡಿನಲ್ಲಿ ಅತ್ತೆಯ ಕಾಟ, ಗಂಡನ ಮೌನ, ಸತ್ತ ಕೂಸು ಎಲ್ಲ ಇರುತ್ತವೆ. ಕಲ್ಲಿನ ಗರಗರದ ಮರೆಯಲ್ಲಿ ಎದುರಿನವಳೊಬ್ಬಳಿಗಷ್ಟೇ ಕೇಳಲೆಂದು ಹಾಡಿದ್ದು ಅದು. "ಅದೊಂದು ಬ್ಯಾಡವಾ" ಎಂದು ಅಜ್ಜಿ ಕೈ ಅಡ್ಡ ಹಿಡಿದರೆ ಯಂತ್ರ ನಿಲ್ಲಿಸಬೇಕು. ಮುದ್ದುಮಾಡಿ ಹೊರಡಿಸುವುದು, ಅಡುಗೆಮನೆಯಲ್ಲಿ ಮೊಬೈಲು ಬಚ್ಚಿಟ್ಟು ಹಿಡಿಯುವುದು, ಎರಡೂ ಕಳ್ಳತನವೇ. ಹಾಡು ಹೋಗುತ್ತದೆಯಲ್ಲ ಎಂದರೆ, ಹೋಗಲಿ, ಅದು ಅವಳದು. ಮನಸ್ಸು ಬದಲಾಗಿ ನಾಳೆ ಅವಳೇ ಕರೆದು ಹಾಡಿದರೆ ಬೇರೆ ಮಾತು.

ಬೇಸಿಗೆ ರಜೆಯಲ್ಲಿ ಊರಿನಿಂದ ಅಜ್ಜಿಯ ನೆಗೆಣ್ಣಿಯೋ ತಂಗಿಯೋ ಬರುವವರಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಿ. ನಾಗಪುರದ ಬಿಸಿಲಿಗೆ ಹೇಗೂ ನಡುಮಧ್ಯಾಹ್ನ ಯಾರೂ ಹೊರಗೆ ಹೋಗುವಂತಿಲ್ಲ. ಕೂಲರಿನ ಸದ್ದು ಮುದ್ರಣದಲ್ಲಿ ಸೇರಿಕೊಳ್ಳುತ್ತದೆ, ಅಷ್ಟು ಹೊತ್ತು ಅದನ್ನು ಆರಿಸಿ. ಗೂಟದ ಬದಲು ಒಂದು ಲಟ್ಟಣಿಗೆಯನ್ನಾದರೂ ಇಬ್ಬರ ಕೈಗೂ ಕೊಟ್ಟು ನೋಡಿ. ಕೈ ತಿರುಗತೊಡಗಿದರೆ ಸಾಲುಗಳು ತಾವಾಗಿ ಬರುತ್ತವೆ.